ಹಡ್ಲಿನ ಲೆಕ್ಕ

ಕಳೆದ ಮಾರ್ಚ್ ತಿಂಗಳ ಒಂದು ಸಂಜೆ ಬೇಗಾರಿನಿಂದ ಅಣ್ಣಯ್ಯನ ಕರೆ ಬಂದಿತು. ಅಣ್ಣಯ್ಯ ದೂರವಾಣಿಯಲ್ಲಿ ಮಾತು ಬೆಳೆಸುವ ಸ್ವಭಾವದವನಲ್ಲ. ಕುಶಲಪ್ರಶ್ನೆ ಮುಗಿಯುತ್ತಲೇ, "ಕೆಳಗಿನ ಹಡ್ಲಿಗೆ ಕಪ್ಪು ಹೊಡೆಸುವುದೆಂದು ಮಾಡಿದ್ದೇನೆ. ಸೋಮವಾರ ಹಿಟಾಚಿ ಬರುತ್ತದೆ. ಖಾತೆ ಜಂಟಿಯಲ್ಲವೇನೋ, ನೀನೊಮ್ಮೆ ಬಂದು ನೋಡಿ ಹೂಂ ಎಂದರೆ ಆಯಿತು" ಎಂದು ಹೇಳಿ, ನಾನು ಹೂಂ ಎನ್ನುವುದರೊಳಗೆ ಫೋನು ಇಟ್ಟುಬಿಟ್ಟ. ಪಕ್ಕದಲ್ಲಿದ್ದ ನನ್ನ ಶ್ರೀಮತಿಯವರು ಬಯಲುಸೀಮೆಯ ಪಟ್ಟಣದಲ್ಲಿ ಹುಟ್ಟಿ ಬೆಳೆದವರು. "ಕಪ್ಪನ್ನೇ ಏಕೆ ಹೊಡೆಸಬೇಕು? ಸುಣ್ಣ ಹೊಡೆಸಿದರೆ ಆಗದೇ?" ಎಂದು ಕೇಳಿದರು.

ವಾಚಕರಲ್ಲಿಯೂ ಅನೇಕರಿಗೆ ಇದೇ ಸಂದೇಹ ಬಂದಿರಬಹುದು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮರಗಳ ಸಾಲುಗಳ ನಡುವೆ ನೀರು ಬಸಿದು ಹೋಗಲೆಂದು ತೋಡುವ ಕಾಲುವೆಗೆ ಕಪ್ಪು ಎಂದು ಹೆಸರು. ಹಡ್ಲು ಎಂದರೆ ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ವರ್ಷದ ಬಹುಕಾಲ ನೀರು ಜಿನುಗುವ, ಜೊಂಡುಹುಲ್ಲು ಬೆಳೆದ ಜೌಗು ನೆಲ. ಉಳುಮೆ ನಿಂತು ಪಾಳುಬಿದ್ದ ಗದ್ದೆಗೂ ನಮ್ಮ ಕಡೆ "ಹಡ್ಲು ಬಿದ್ದಿದೆ" ಎನ್ನುತ್ತಾರೆ. ಒಂದೇ ಮಾತಿನಲ್ಲಿ ಪ್ರಕೃತಿ ತಾನಾಗಿ ಮಾಡಿಕೊಂಡ ಜೌಗೂ ಮನುಷ್ಯ ಕೈಬಿಟ್ಟ ಗದ್ದೆಯೂ ಅಡಗಿರುವುದು ಭಾಷೆಯ ಸೋಮಾರಿತನವೋ, ಅಥವಾ ಒಂದು ಮತ್ತೊಂದಾಗಲು ಹೆಚ್ಚು ಕಾಲ ಬೇಕಾಗಿಲ್ಲವೆಂಬ ಅನುಭವವೋ, ನಿರ್ಧರಿಸಲಾರೆ. ನಮ್ಮ ಕೆಳಗಿನ ಹಡ್ಲು ಎರಡೂ ಅರ್ಥಗಳಲ್ಲಿ ಹಡ್ಲೇ. ಅಜ್ಜನ ಕಾಲದಲ್ಲಿ ಅದರ ಮೇಲಂಚಿನಲ್ಲಿ ಒಂದಿಷ್ಟು ಭತ್ತ ಬೆಳೆಯುತ್ತಿದ್ದರಂತೆ. ಕೆಳಭಾಗಕ್ಕೆ ಎತ್ತು ಇಳಿದರೆ ಹೊಟ್ಟೆಯವರೆಗೆ ಹೂತುಹೋಗುತ್ತಿತ್ತಾದ್ದರಿಂದ ಅದನ್ನು ಯಾರೂ ಮುಟ್ಟಿದವರಲ್ಲ. ಒಟ್ಟು ಮೂವತ್ತು ಗುಂಟೆ ನೆಲ.

ಶನಿವಾರ ಬೆಳಗಿನ ಬಸ್ಸಿನಲ್ಲಿ ಶಿವಮೊಗ್ಗದಿಂದ ಹೊರಟು, ತೀರ್ಥಹಳ್ಳಿ, ಆಗುಂಬೆಗಳನ್ನು ದಾಟಿ, ಶೃಂಗೇರಿಯ ದಾರಿಯಲ್ಲಿ ಬೇಗಾರಿನಲ್ಲಿ ಇಳಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಆಗುಂಬೆ ಕೂಗಳತೆಯಲ್ಲಿರುವಾಗ ಬೇಗಾರಿನ ಸೀಮೆಗೆ ನೀರಿನ ಬಡತನವೆಂಬುದು ಇರಬಾರದು. ಆದರೂ ಮಾರ್ಚ್ ಬಂದಿತೆಂದರೆ ಬಾವಿಗಳ ಮಾತೇ ಮಾತು. ಮನೆಯ ಮೆಟ್ಟಿಲು ಹತ್ತುವಾಗಲೇ, "ಬಾವಿಯಲ್ಲಿ ಮೂರು ಕೊಡ ತೆಗೆದ ಮೇಲೆ ಕೆಸರು ಬರುತ್ತದೆ ಮಾರಾಯ, ಸ್ನಾನಕ್ಕೆ ತುಸು ಹಿಡಿತ ಇರಲಿ" ಎಂದು ಅಮ್ಮ ಎಚ್ಚರಿಕೆ ಕೊಟ್ಟಳು.

ಅಣ್ಣಯ್ಯನ ಲೆಕ್ಕ ಸರಳವಾದುದು. ಮೇಲಿನ ತೋಟದಲ್ಲಿ ಹಳದಿ ಎಲೆ ರೋಗ ಹಿಡಿದು ಅರ್ಧಕ್ಕರ್ಧ ಮರಗಳು ಫಸಲು ಬಿಟ್ಟಿವೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಾರರಿಗೆ ಈ ರೋಗ ಹೊಸದೇನಲ್ಲ. ಮನೆಯಲ್ಲಿ ಹಳೆಯ ನೆಂಟನಂತೆ ಕೂತುಬಿಟ್ಟಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ಎಂಬ ಮತ್ತೊಬ್ಬ ನೆಂಟನೂ ಬಂದು ಸೇರಿದ್ದಾನೆ. ಭತ್ತ ಬೆಳೆಯೋಣವೆಂದರೆ ಆಳುಗಳಿಲ್ಲ. ಬೆಳೆದದ್ದು ಕಾಡುಹಂದಿಯ ಪಾಲು. ಮಗಳು ಕೊಪ್ಪದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಳೆ, ಮುಂದೆ ಎಂ.ಎಸ್‌ಸಿ. ಎನ್ನುತ್ತಾಳೆ. ಹಡ್ಲಿಗೆ ನಾಲ್ಕಡಿ ಆಳದ ಕಪ್ಪು ಹೊಡೆಸಿ ನೀರು ಬಸಿದರೆ ಮುನ್ನೂರು ಅಡಿಕೆ ಸಸಿ ಕೂರುತ್ತವೆ. ರೋಗದ ನೆಲದಿಂದ ದೂರದ ಹೊಸ ನೆಲ. ಅದೂ ಎಂಥ ನೆಲ! "ಬಾ, ತೋರಿಸುತ್ತೇನೆ" ಎಂದು ಗುದ್ದಲಿ ಹೆಗಲಿಗೇರಿಸಿಕೊಂಡು ಹೊರಟ.

ಹಡ್ಲಿನ ಅಂಚಿನಲ್ಲಿ ಮುಂಡುಗದ ಪೊದೆ, ಅದರ ಬುಡದಲ್ಲಿ ಕೆಸವಿನ ಎಲೆಗಳು. ಮಳೆಗಾಲದಲ್ಲಿ ಅತ್ತಿಗೆ ಪತ್ರೊಡೆಗೆ ಎಲೆ ಕೊಯ್ಯುವುದು ಇಲ್ಲಿಯೇ. ಅಣ್ಣಯ್ಯ ಹಲಗೆಯ ಮೇಲೆ ನಿಂತು ನಾಲ್ಕು ಏಟು ಹಾಕಿದ. ಮೇಲಿನ ಒಂದು ಗೇಣು ಬೇರುಗಳ ಜಡೆ. ಅದರ ಕೆಳಗೆ ಕಾಡಿಗೆಯಂಥ ಕರಿಯ ಮಣ್ಣು. ಅದರೊಡನೆ ಕೊಳೆತ ಮೊಟ್ಟೆಯ ವಾಸನೆಯೂ ಮೇಲೆದ್ದಿತು. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಕಂದು ಬಣ್ಣದ ನೀರು ಇಳಿದು, ಅಂಗೈಯಲ್ಲಿ ಎಲೆಯ ಜಾಲರಿ, ತೊಗಟೆಯ ಚೂರು, ನಾರು ಉಳಿದುವು. ಎರಡಡಿ ಕೆಳಗೆ ಗುದ್ದಲಿಗೆ ಒಂದು ಮರದ ತುಂಡು ತಗುಲಿತು. ಒಡೆದು ನೋಡಿದರೆ ಒಳಗಿನ ತಿರುಳು ಇನ್ನೂ ಕೆಂಪಾಗಿಯೇ ಇದೆ. ಆ ಜಾಗದಲ್ಲಿ ಮರವಿದ್ದುದನ್ನು ಅಜ್ಜನೂ ಕಂಡವರಲ್ಲ. "ನೋಡು, ಇದು ಮಣ್ಣಲ್ಲ, ಗೊಬ್ಬರ" ಎಂದ ಅಣ್ಣಯ್ಯನ ಮುಖದಲ್ಲಿ, ಅಟ್ಟದ ಮೇಲೆ ಮರೆತಿದ್ದ ಬೆಳ್ಳಿಯ ತಟ್ಟೆ ಸಿಕ್ಕವನ ಸಂತೋಷವಿತ್ತು.

ಮರದ ತುಂಡು ಅಷ್ಟು ಕಾಲ ಕೊಳೆಯದೆ ಉಳಿದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಂದು ಮಧ್ಯಾಹ್ನ ಅಮ್ಮ ಮಾವಿನ ಮಿಡಿಯನ್ನು ಉಪ್ಪುನೀರಿನ ಭರಣಿಗೆ ಹಾಕಿ, ಮೇಲೆ ಒಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಹೊಳೆಯ ಗುಂಡುಕಲ್ಲು ಹೇರುತ್ತಿದ್ದಳು. ಮಿಡಿ ನೀರಿನಿಂದ ಮೇಲೆ ತಲೆಯೆತ್ತಬಾರದು. ತಲೆಯೆತ್ತಿದ ಮಿಡಿಗೆ ಗಾಳಿ ತಗುಲಿ ಬೂಷ್ಟು ಹಿಡಿಯುತ್ತದೆ. ಮುಳುಗಿದ ಮಿಡಿ ವರ್ಷಗಟ್ಟಲೆ ಕೆಡದು. ಉಪ್ಪಿನ ಮಹಿಮೆಯೂ ಇದೆಯೆನ್ನಿ. ಆದರೂ ಹಡ್ಲಿನ ಗುಟ್ಟಿಗೂ ಇದಕ್ಕೂ ಸಂಬಂಧವುಂಟು. ಬಿದ್ದ ಎಲೆ, ಬೇರು, ಕಟ್ಟಿಗೆಗಳನ್ನು ತಿಂದು ಗಾಳಿಗೆ ಸೇರಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ನಿಂತ ನೀರಿನ ಅಡಿಯಲ್ಲಿ ಆಮ್ಲಜನಕ ಬೇಗ ತೀರಿಹೋಗುತ್ತದೆ. ಕೊಳೆಯುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಪ್ರತಿವರ್ಷ ಬೀಳುವ ಎಲೆ ಕೊಳೆಯುವುದಕ್ಕಿಂತ ಹೆಚ್ಚಾದರೆ ಉಳಿದದ್ದು ಪದರ ಪದರವಾಗಿ ಕೂಡುತ್ತ ಹೋಗುತ್ತದೆ. ಗಿಡಮರಗಳು ಗಾಳಿಯಿಂದ ಹೀರಿದ ಇಂಗಾಲ ಹೀಗೆ ನೆಲದಡಿಯಲ್ಲಿ ಠೇವಣಿಯಾಗುತ್ತದೆ. ಕಪ್ಪು ತೋಡಿ ನೀರು ಬಸಿದಿರೋ, ಭರಣಿಯ ಕಲ್ಲು ತೆಗೆದಂತೆ. ಗಾಳಿ ಒಳಗಿಳಿಯುತ್ತದೆ, ಸೂಕ್ಷ್ಮಜೀವಿಗಳು ಬಿಟ್ಟ ಕೆಲಸವನ್ನು ಮತ್ತೆ ಹಿಡಿಯುತ್ತವೆ, ಠೇವಣಿ ಇಂಗಾಲದ ಡೈಆಕ್ಸೈಡಾಗಿ ಮೇಲೆ ಹೋಗುತ್ತದೆ.

ಈ ಠೇವಣಿ ಅಡಿಗಟ್ಟಲೆ ದಪ್ಪವಾಗಿ, ಮಣ್ಣೆಂಬುದು ಬಹುಮಟ್ಟಿಗೆ ಸಸ್ಯದ ಅವಶೇಷವೇ ಆದಾಗ ಅದಕ್ಕೆ ಪೀಟ್ ಎಂದು ಹೆಸರು. ನಮ್ಮ ಪಠ್ಯಪುಸ್ತಕದವರು ಸಸ್ಯಾಂಗಾರವೆಂದು ನಾಮಕರಣ ಮಾಡಿದ್ದರು. ಕಲ್ಲಿದ್ದಲಿನ ಬಗೆಗಳಲ್ಲಿ ಅತ್ಯಂತ ಕೀಳು ದರ್ಜೆಯದೆಂದು ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಂದು ಅಂಕ ಪಡೆದು, ಮರೆತೆವು. ಆ ಕೀಳು ದರ್ಜೆಯ ವಸ್ತು ಭೂಮಂಡಲದ ನೆಲದಲ್ಲಿ ನೂರಕ್ಕೆ ಮೂರು ಪಾಲನ್ನು ಮಾತ್ರ ಆವರಿಸಿದ್ದರೂ ಅದರಲ್ಲಿ ಅಡಗಿರುವ ಇಂಗಾಲ ಸುಮಾರು 60,000 ಕೋಟಿ ಟನ್ನುಗಳೆಂದು ಅಂದಾಜು. ಲೋಕದ ಅರಣ್ಯಗಳ ಮರಗಿಡಗಳೆಲ್ಲವನ್ನೂ ಒಟ್ಟು ತೂಗಿದರೂ ಅವುಗಳಲ್ಲಿರುವ ಇಂಗಾಲ ಇದಕ್ಕೆ ಸಮನಾಗುವುದಿಲ್ಲ.

ಉಷ್ಣವಲಯದಲ್ಲಿ ಇಂಥ ನೆಲ ಹೆಚ್ಚಾಗಿರುವುದು ಇಂಡೊನೇಷ್ಯ, ಮಲೇಷ್ಯಗಳ ಜೌಗು ಕಾಡುಗಳಲ್ಲಿ ಮತ್ತು ಆಫ್ರಿಕದ ಕಾಂಗೋ ಬಯಲಿನಲ್ಲಿ. ಕಾಂಗೋದ ಪೀಟ್ ನೆಲದ ನಕ್ಷೆ ಸಿದ್ಧವಾದದ್ದು 2017ರಲ್ಲಿ. ವಿಸ್ತೀರ್ಣ ಸುಮಾರು 1,45,500 ಚದರ ಕಿಲೋಮೀಟರ್, ಎಂದರೆ ನಮ್ಮ ಕರ್ನಾಟಕದ ಮುಕ್ಕಾಲು ಪಾಲು. ಅಷ್ಟು ದೊಡ್ಡ ವಸ್ತುವೊಂದು ಜನರ ಕಾಲಡಿಯಲ್ಲಿದ್ದು ಅಷ್ಟು ತಡವಾಗಿ ಲೆಕ್ಕಕ್ಕೆ ಬಂದಿತೆಂಬುದು ಯೋಚಿಸತಕ್ಕ ವಿಷಯ.

ಇಂಡೊನೇಷ್ಯದ ಕಥೆಯನ್ನು ನಾನು ಅಣ್ಣಯ್ಯನಿಗೆ ಅಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ. 1995ರಲ್ಲಿ ಅಲ್ಲಿನ ಅಧ್ಯಕ್ಷ ಸುಹಾರ್ತೊ ಅವರಿಗೆ ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಗಬೇಕೆಂಬ ಹಂಬಲ. ಒಳ್ಳೆಯ ಹಂಬಲವೇ. ಬೋರ್ನಿಯೊ ದ್ವೀಪದ ಮಧ್ಯ ಕಾಲಿಮಂಟಾನಿನಲ್ಲಿ ಸುಮಾರು ಹತ್ತು ಲಕ್ಷ ಹೆಕ್ಟೇರ್ ಜೌಗು ಕಾಡನ್ನು ಗದ್ದೆ ಮಾಡಲು ಅಪ್ಪಣೆಯಾಯಿತು. ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆಗಳನ್ನು ತೋಡಿದರು. ಅಣ್ಣಯ್ಯನ ಭಾಷೆಯಲ್ಲಿ ಹೇಳುವುದಾದರೆ ಒಂದು ಸೀಮೆಗೆ ಸೀಮೆಯೇ ಕಪ್ಪು ಹೊಡೆದರು. ನೀರು ಬಸಿಯಿತು, ಮರ ಹೋಯಿತು, ಆಮ್ಲ ತುಂಬಿದ ಆ ನೆಲದಲ್ಲಿ ಭತ್ತ ಮಾತ್ರ ಕೈಗೆ ಹತ್ತಲಿಲ್ಲ. 1997ರಲ್ಲಿ ಮಳೆ ತಪ್ಪಿತು. ಒಣಗಿ ನಿಂತಿದ್ದ ಪೀಟಿಗೆ ಬೆಂಕಿ ಬಿದ್ದಿತು. ಮೇಲೆ ಆರಿಸಿದರೆ ನೆಲದೊಳಗೆ ತೆವಳಿ ಮತ್ತೊಂದು ಕಡೆ ಏಳುವ ಬೆಂಕಿ ಅದು. ಹೊಗೆ ಸಿಂಗಪುರ, ಮಲೇಷ್ಯಗಳನ್ನು ಕವಿಯಿತು. 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಆ ಒಂದು ವರ್ಷ ಇಂಡೊನೇಷ್ಯದ ಪೀಟ್ ಮತ್ತು ಕಾಡುಗಳ ಬೆಂಕಿಯಿಂದ ಗಾಳಿಗೆ ಸೇರಿದ ಇಂಗಾಲ 81 ಕೋಟಿಯಿಂದ 257 ಕೋಟಿ ಟನ್. ಇಡೀ ಜಗತ್ತು ಒಂದು ವರ್ಷದಲ್ಲಿ ಸುಡುವ ಕಲ್ಲಿದ್ದಲು, ಪೆಟ್ರೋಲುಗಳಿಂದ ಬರುವುದರ ನೂರಕ್ಕೆ 13ರಿಂದ 40 ಪಾಲು. 1999ರ ವೇಳೆಗೆ ಯೋಜನೆಯನ್ನು ಕೈಬಿಟ್ಟರು. ಕಾಲುವೆಗಳು ಹಾಗೆಯೇ ಉಳಿದುವು.

"ಬೆಂಕಿ ಬಿದ್ದರೆ ತಾನೇ? ನಮ್ಮಲ್ಲಿ ಆಗುಂಬೆಯ ಮಳೆಗೆ ಬೆಂಕಿಪೆಟ್ಟಿಗೆಯೇ ಹತ್ತುವುದಿಲ್ಲ" ಎಂದ ಅಣ್ಣಯ್ಯ.

ಬೆಂಕಿ ಕಣ್ಣಿಗೆ ಕಾಣುವ ಭಾಗ, ಅಷ್ಟೆ. ಬೆಂಕಿಯಿಲ್ಲದೆಯೂ ಬಸಿದ ಪೀಟ್ ಸದ್ದಿಲ್ಲದೆ ಉರಿಯುತ್ತಲೇ ಇರುತ್ತದೆ. ಇಂಗ್ಲೆಂಡಿನ ಹೋಮ್ ಎಂಬ ಊರಿನ ಬಳಿ 1851ರ ಸುಮಾರಿಗೆ ಒಂದು ದೊಡ್ಡ ಜೌಗು ಸರೋವರವನ್ನು ಬಸಿದಾಗ, ನೆಲ ಎಷ್ಟು ಇಳಿಯುವುದೆಂದು ನೋಡಲು ಒಂದು ಕಬ್ಬಿಣದ ಕಂಬವನ್ನು ತುದಿಯವರೆಗೂ ನೆಲದಲ್ಲಿ ಹೂಳಿದರು. ಇಂದು ಆ ಕಂಬ ಸುಮಾರು ನಾಲ್ಕು ಮೀಟರ್ ನೆಲದಿಂದ ಮೇಲೆ ನಿಂತಿದೆ. ಕಂಬವೇನೂ ಬೆಳೆದದ್ದಲ್ಲ! ಅದು ಚಳಿಯ ದೇಶ. ಬಿಸಿಲಿನ ನಾಡಿನಲ್ಲಿ ಈ ಕೆಲಸ ಇನ್ನೂ ಚುರುಕು. ಸುಮಾತ್ರದಲ್ಲಿ ಅಳೆದು ನೋಡಿದಾಗ, ಕಾಲುವೆ ತೋಡಿದ ಮೊದಲ ಐದು ವರ್ಷಗಳಲ್ಲಿ ನೆಲ ಸುಮಾರು 1.4 ಮೀಟರ್ ಇಳಿದಿತ್ತು. ಅನಂತರ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್. ಮೊದಲು ಇಳಿಯುವುದರಲ್ಲಿ ನೀರು ಹೋಗಿ ಮಣ್ಣು ಅಡಕವಾಗುವುದೂ ಸೇರಿದೆ. ಅನಂತರದ ಇಳಿತ ಹೆಚ್ಚಾಗಿ ಇಂಗಾಲ ಗಾಳಿಗೆ ಹೋದುದರ ಗುರುತು.

ಅಲ್ಲಿ ಈಗ ಭತ್ತಕ್ಕಿಂತ ಹೆಚ್ಚಾಗಿ ಬೆಳೆಯುವುದು ಎಣ್ಣೆತಾಳೆ. ತಾಳೆಯ ತೋಟವೆಲ್ಲ ಪೀಟಿನ ಮೇಲಿದೆಯೆಂದಲ್ಲ, ಆದರೆ ಒಂದು ಪಾಲು ಇದೆ. ಹಾಗೆ ಬಸಿದ ಪೀಟಿನ ಮೇಲಣ ತೋಟದಿಂದ ಹೆಕ್ಟೇರಿಗೆ ವರ್ಷಕ್ಕೆ 11 ಟನ್ ಇಂಗಾಲ ಹೋಗುತ್ತದೆಂದು ಹವಾಮಾನದ ಅಂತರ ಸರ್ಕಾರಿ ಸಮಿತಿಯವರು ಹಿಡಿದ ಲೆಕ್ಕ. ತಾಳೆಎಣ್ಣೆಯನ್ನು ಲೋಕದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಆಮದು ಮಾಡಿಕೊಳ್ಳುವ ದೇಶ ನಮ್ಮದು. ನ್ಯಾಯಬೆಲೆ ಅಂಗಡಿಯಲ್ಲಿ ಪಾಮೋಲಿನ್ ಡಬ್ಬಕ್ಕೆ ಸಾಲು ನಿಂತವರು ನಮ್ಮಲ್ಲಿ ಎಷ್ಟು ಜನರಿಲ್ಲ? ಈ ವಾರಪತ್ರಿಕೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಬೇಕರಿಯ ಬಿಸ್ಕತ್ತನ್ನೋ ಅಂಗಡಿಯ ಚಕ್ಕುಲಿಯನ್ನೋ ಬಾಯಿಗೆ ಹಾಕುತ್ತಿರುವ ವಾಚಕರು ಪೊಟ್ಟಣದ ಹಿಂಬದಿಯನ್ನು ಒಮ್ಮೆ ಓದಿ ನೋಡಬಹುದು. ತಿನ್ನಬೇಡಿ ಎನ್ನುತ್ತಿಲ್ಲ. ನಾನೂ ತಿನ್ನುತ್ತೇನೆ.

ಇಲ್ಲಿಗೆ ಅಣ್ಣನ ಮಗಳು ಲೆಕ್ಕದ ಪುಸ್ತಕ ತೆಗೆದುಕೊಂಡು ಬಂದು ಕೂತಳು. ಹನ್ನೊಂದು ಟನ್ ಇಂಗಾಲವೆಂದರೆ ಡೈಆಕ್ಸೈಡಿನ ಲೆಕ್ಕದಲ್ಲಿ ನಲವತ್ತು ಟನ್. ಮೂವತ್ತು ಗುಂಟೆಗೆ ಹನ್ನೆರಡು ಟನ್. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಬರುವುದು ಸುಮಾರು 2.3 ಕಿಲೋಗ್ರಾಂ. ಅಪ್ಪನ ಸ್ಕೂಟರಿಗೆ ತಿಂಗಳಿಗೆ ಹದಿನೈದು ಲೀಟರ್. "ನಮ್ಮ ಹಡ್ಲು ನಿಜವಾದ ಪೀಟ್ ಆಗಿದ್ದರೆ, ಅದು ಒಂದು ವರ್ಷದಲ್ಲಿ ಬಿಡುವ ಹೊಗೆ ಅಪ್ಪನ ಸ್ಕೂಟರಿನ ಇಪ್ಪತ್ತೊಂಬತ್ತು ವರ್ಷದ ಹೊಗೆ" ಎಂದು ಪ್ರಕಟಿಸಿದಳು. ಅಣ್ಣಯ್ಯ ಮಜ್ಜಿಗೆ ಕಲಸುವುದನ್ನು ನಿಲ್ಲಿಸಿ, "ಆಗಿದ್ದರೆ ಅಂದೆಯಲ್ಲ? ಹಾಗಾದರೆ ಅಲ್ಲ ಎಂದಾಯಿತು" ಎಂದ.

ಅವನು ಹಿಡಿದದ್ದು ಸರಿಯಾದ ಎಳೆಯನ್ನೇ. ನಮ್ಮ ಹಡ್ಲಿನ ಮಣ್ಣಿನಲ್ಲಿ ಮರಳೂ ಜೇಡಿಯೂ ಬೇಕಾದಷ್ಟು ಕೂಡಿವೆ. ಗುಡ್ಡದಿಂದ ಕೊಚ್ಚಿ ಬಂದ ಮಣ್ಣೂ ಎಲೆಯ ಕಪ್ಪೂ ಬೆರೆತ ನೆಲ ಅದು. ಕರಿಯ ಪದರದ ದಪ್ಪ ಮೂರಡಿಯನ್ನು ಮೀರದು. ಕಾಲಿಮಂಟಾನಿನಲ್ಲಿ ಪೀಟ್ ಎಷ್ಟೋ ಕಡೆ ಮೂವತ್ತು ಅಡಿ ದಪ್ಪ. ಆನೆಯ ಲೆಕ್ಕವನ್ನು ಆಡಿಗೆ ಹಾಕುವುದು ನ್ಯಾಯವಲ್ಲ. ದಕ್ಷಿಣ ದೇಶದಲ್ಲಿ ನಿಜವಾದ ಪೀಟ್ ನೋಡಬೇಕಾದರೆ ಬೇರೆ ಕಡೆಗೆ ಹೋಗಬೇಕು. ಕೇರಳದ ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ತಗ್ಗಿನ ಗದ್ದೆಗಳುಂಟು. ಅವುಗಳಲ್ಲಿ ಒಂದು ಬಗೆಗೆ ಕರಿನೆಲವೆಂದೇ ಹೆಸರು. ಇದ್ದಲಿನಂಥ ಮಣ್ಣು, ಅದರಲ್ಲಿ ಹೂತುಹೋದ ಮರದ ದಿಮ್ಮಿಗಳು. ನೀರು ಬಸಿದು ಗಾಳಿ ಆಡಿದರೆ ಅಲ್ಲಿಯ ಗಂಧಕ ಆಮ್ಲವಾಗಿ ಬೆಳೆಯನ್ನೇ ಸುಡುತ್ತದೆ. ಆದ್ದರಿಂದ ಅಲ್ಲಿನ ರೈತರು ನೀರು ಬಿಟ್ಟು, ಸುಣ್ಣ ಹಾಕಿ, ನೆಲವನ್ನು ಸಂಭಾಳಿಸಿಕೊಳ್ಳುತ್ತಾರೆ. (ಸುಣ್ಣದ ಮಾತು ತಮಾಷೆಗೆ ಆಡಿದ ನನ್ನ ಶ್ರೀಮತಿಯವರು ಇದನ್ನು ಕೇಳಿ ಬಹಳ ಹಿಗ್ಗಿದರು.)

ಇನ್ನೊಂದು ಕಡೆ ನೀಲಗಿರಿ. ಮೈಸೂರು, ಬೆಂಗಳೂರುಗಳ ಯಾವ ಸಂಸಾರ ಊಟಿಗೆ ಹೋಗಿಲ್ಲ? ಗೂಡಲೂರಿನ ದಾರಿಯಲ್ಲಿ ಊಟಿ ಸಮೀಪಿಸುವಾಗ ಸ್ಯಾಂಡಿನಲ್ಲಾ ಎಂಬ ಪ್ರದೇಶ ಸಿಗುತ್ತದೆ. ನಾವೆಲ್ಲ ಹುಲ್ಲುಗುಡ್ಡದ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಮುಂದಕ್ಕೆ ಹೋಗುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರೂ ಅವರ ಸಂಗಡಿಗರೂ ಅಲ್ಲಿನ ಕಣಿವೆಯ ಪೀಟನ್ನು ಪದರ ಪದರವಾಗಿ ತೆಗೆದು, ಅದರ ಇಂಗಾಲದ ಬಗೆಗಳನ್ನು ಅಳೆದು, 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಉಷ್ಣದೇಶದ ಹುಲ್ಲು ಹೀರುವ ಇಂಗಾಲಕ್ಕೂ ಮರ ಹೀರುವ ಇಂಗಾಲಕ್ಕೂ ತೂಕದಲ್ಲಿ ಸೂಕ್ಷ್ಮವಾದ ವ್ಯತ್ಯಾಸ ಉಂಟಂತೆ. ಅದನ್ನು ಹಿಡಿದು, ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಆ ಬೆಟ್ಟಗಳಲ್ಲಿ ಒಣಹವೆಯಿದ್ದು ಹುಲ್ಲು ಮೇಲುಗೈಯಾಗಿತ್ತು, ಹನ್ನೊಂದು ಸಾವಿರ ವರ್ಷಗಳ ಸುಮಾರಿಗೆ ಮಳೆ ಹೆಚ್ಚಿತ್ತು ಎಂಬುದನ್ನೆಲ್ಲ ಓದಿ ಹೇಳಿದರು. ಹಳಗನ್ನಡದ ಪಾಠ ಹೇಳುವ ನನಗೆ ಸಾವಿರ ವರ್ಷದ ಗ್ರಂಥವೆಂದರೆ ಬಹು ಪ್ರಾಚೀನ. ಓಲೆಗರಿಗೆ ನೀರು ಶತ್ರು. ಒಣಗಿಸಿ ಇಟ್ಟಷ್ಟೂ ಬಾಳುತ್ತದೆ. ಈ ಗ್ರಂಥದ ರೀತಿ ತದ್ವಿರುದ್ಧ. ಬಸಿದು ಒಣಗಿಸಿದರೆ ಇಂಗಾಲದೊಡನೆ ಅಕ್ಷರವೂ ಹಾರಿಹೋಗುತ್ತದೆ.

ನಮ್ಮ ಹಡ್ಲಿಗೆ ಹತ್ತಿರದ ಬಂಧುವೆಂದರೆ ಉತ್ತರ ಕನ್ನಡದ ರಾಂಪತ್ರೆ ಜಡ್ಡಿಗಳು. ಕಾಡಿನೊಳಗೆ ತೊರೆಯ ಬದಿಯ ಕೆಸರಿನಲ್ಲಿ, ಮೊಣಕಾಲು ಮಡಿಸಿದಂತೆ ಬೇರುಗಳನ್ನು ಮೇಲೆತ್ತಿ ಉಸಿರಾಡುವ ಜಾಜಿಕಾಯಿಯ ಬಳಗದ ಮರಗಳ ತೋಪು ಅದು. ಸಿದ್ದಾಪುರದ ಕತ್ತಲೆಕಾನಿನ ಅಂಥ ಜಡ್ಡಿಯಲ್ಲಿ ಗೇರಿನ ಬಳಗದ ಒಂದು ಹೊಸ ಮರವೇ ಸಿಕ್ಕಿ, 2000ದಲ್ಲಿ ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಇಂಥ ಎಷ್ಟೋ ಜಡ್ಡಿಗಳು ಹಿಂದೆಯೇ ಗದ್ದೆಯಾಗಿ ತೋಟವಾಗಿ ಹೋಗಿವೆ. ಗುದ್ದಲಿಗೆ ಸಿಕ್ಕ ಆ ಕೆಂಪು ತಿರುಳಿನ ತುಂಡು ಯಾವ ಮರದ್ದೋ! ನಾನದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ.

ಭಾನುವಾರ ಬೆಳಗ್ಗೆ ವಾದ ಮತ್ತೆ ಶುರುವಾಯಿತು. ಈ ಸಲ ಪೂರ್ವಪಕ್ಷ ಅಣ್ಣಯ್ಯನದು. "ಅಡಿಕೆ ಮರವೂ ಇಂಗಾಲ ಹೀರುತ್ತದೆ ತಾನೆ? ವರ್ಷವರ್ಷವೂ ಸೊಪ್ಪಿನಬೆಟ್ಟದಿಂದ ಸೊಪ್ಪು ತಂದು ಮುಚ್ಚುತ್ತೇನೆ. ಅದೂ ಇಂಗಾಲವೇ ಅಲ್ಲವೇನೋ?" ಎಂದ. ಇದು ತೆಗೆದುಹಾಕುವ ಮಾತಲ್ಲ. ಮೂರು-ನಾಲ್ಕು ವರ್ಷಕ್ಕೊಮ್ಮೆ ತೋಟಕ್ಕೆ ಹೊಸ ಮಣ್ಣು ಹೇರುವುದು, ಸೊಪ್ಪು ಮುಚ್ಚುವುದು, ಇವೆಲ್ಲ ನೆಲ ಬಡವಾಗುವುದನ್ನು ಕಂಡುಕೊಂಡ ಹಿರಿಯರು ಮಾಡಿದ ಏರ್ಪಾಡೇ. ಆದರೆ ಮರ ತನ್ನ ಆಯುಷ್ಯದಲ್ಲಿ ಒಮ್ಮೆ ತುಂಬಿಕೊಂಡು, ಬಿದ್ದ ಮೇಲೆ ಕೊಳೆತು ಹಿಂದಕ್ಕೆ ಕೊಟ್ಟುಬಿಡುತ್ತದೆ. ಬಸಿದ ನೆಲವಾದರೋ ನೀರು ಮರಳುವವರೆಗೆ ಅಥವಾ ಠೇವಣಿ ಮುಗಿಯುವವರೆಗೆ ಕೊಡುತ್ತಲೇ ಹೋಗುತ್ತದೆ.

ಅಣ್ಣನ ಮಗಳದು ಮತ್ತೊಂದು ಆಕ್ಷೇಪ. "ಚಿಕ್ಕಪ್ಪ, ನೀರು ನಿಂತ ಜೌಗಿನಲ್ಲಿ ಮೀಥೇನ್ ಹುಟ್ಟುತ್ತದೆ. ಗದ್ದೆಯಲ್ಲೂ ಹುಟ್ಟುತ್ತದೆ. ಅದು ಡೈಆಕ್ಸೈಡಿಗಿಂತ ಜೋರಾಗಿ ಶಾಖ ಹಿಡಿಯುತ್ತದೆ. ಅದನ್ನು ನೀವು ಲೆಕ್ಕಕ್ಕೇ ಹಿಡಿಯಲಿಲ್ಲ" ಎಂದಳು. ಎಂ.ಎ. ಪದವಿ ನನ್ನ ರಕ್ಷಣೆಗೆ ಬರಲಿಲ್ಲ. ಉತ್ತರವನ್ನೂ ಅವಳೇ ಕೊಟ್ಟಳು. ಮೀಥೇನ್ ಗಾಳಿಯಲ್ಲಿ ಉಳಿಯುವುದು ಹತ್ತು ಹನ್ನೆರಡು ವರ್ಷ. ಡೈಆಕ್ಸೈಡಿನ ದೊಡ್ಡ ಪಾಲು ಶತಮಾನಗಳವರೆಗೆ ಇರುತ್ತದೆ, ಕೂಡುತ್ತಲೂ ಹೋಗುತ್ತದೆ. ದಪ್ಪ ಪೀಟಿನ ನೆಲದಲ್ಲಿ ಬಸಿಯುವುದರ ನಷ್ಟವೇ ಹೆಚ್ಚೆಂಬುದರಲ್ಲಿ ಸಂದೇಹವಿಲ್ಲ. ನಮ್ಮಂಥ ಮೂರಡಿಯ ಬೆರಕೆ ನೆಲದಲ್ಲಿ ಲೆಕ್ಕ ಅಷ್ಟು ನಿಚ್ಚಳವಲ್ಲ. ಅವಳ ಪ್ರಾಮಾಣಿಕತೆಯಿಂದ ನನ್ನ ಪಕ್ಷ ಅರ್ಧ ಕುಸಿಯಿತು.

"ನಿನಗೆ ತಿಂಗಳು ಮುಗಿದರೆ ಸಂಬಳ. ನನ್ನ ಸಂಬಳ ಮರದ ತುದಿಯಲ್ಲಿದೆ" ಎಂದ ಅಣ್ಣಯ್ಯ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೆ ನಾನು ಏನನ್ನೂ ಹೇಳಲಿಲ್ಲ. ಲೋಕದಲ್ಲಿ ಬಸಿದ ಪೀಟಿನ ನೆಲಗಳಿಂದ ವರ್ಷಕ್ಕೆ ಸುಮಾರು 200 ಕೋಟಿ ಟನ್ ಡೈಆಕ್ಸೈಡ್ ಹೋಗುತ್ತಿದೆ, ಅದು ಮನುಷ್ಯ ಹೊರಬಿಡುವುದರ ನೂರಕ್ಕೆ ನಾಲ್ಕೈದು ಪಾಲು, ಆ ಬಸಿದ ನೆಲವಾದರೋ ಭೂಮಿಯ ಸಾವಿರದಲ್ಲಿ ಮೂರು-ನಾಲ್ಕು ಪಾಲು ಮಾತ್ರ, ಎಂದು ನನ್ನ ಬಳಿ ಇನ್ನೂ ಅಂಕಿಗಳಿದ್ದುವು. ಅವುಗಳನ್ನು ಆಗ ಹೊರಗೆ ತೆಗೆಯಲು ನಾಚಿಕೆಯಾಯಿತು. ಎಣ್ಣೆತಾಳೆಯ ತೋಟದಲ್ಲಿ ಕಾಲುವೆ ತೋಡುವ ಸುಮಾತ್ರದ ಸಣ್ಣ ರೈತನೂ ತನ್ನ ಊರಿನ ಪಂಡಿತ ತಮ್ಮನಿಗೆ ಇದೇ ಮಾತನ್ನು ಹೇಳುತ್ತಿರಬೇಕು.

ವಾದವನ್ನು ತಿರುಗಿಸಿದ್ದು ಅಮ್ಮ. ಹಜಾರದ ಕಂಬಕ್ಕೆ ಒರಗಿ ಸುಲಿದಡಿಕೆ ಆರಿಸುತ್ತಿದ್ದವಳು ತಲೆಯೆತ್ತದೆಯೇ, "ಮೇಲಿನ ಮನೆಯವರು ಅವರ ಹಡ್ಲು ಬಸಿದದ್ದು ಯಾವ ವರ್ಷ?" ಎಂದು ಕೇಳಿದಳು. ಅಣ್ಣಯ್ಯ ಸುಮ್ಮನಾದ. ಆರು ವರ್ಷಗಳ ಹಿಂದೆ. ನಮ್ಮ ಬಾವಿ ಮಾರ್ಚಿನಲ್ಲಿ ಕೆಸರು ಕೊಡಲು ಆರಂಭಿಸಿದ್ದು ಅದರ ಮರುವರ್ಷದಿಂದ. ಅದೊಂದೇ ಕಾರಣವೆಂದು ನಾನು ಪ್ರಮಾಣ ಮಾಡಲಾರೆ; ಮಳೆಯ ರೀತಿಯೂ ಕೆಟ್ಟಿದೆ, ಕೊಳವೆಬಾವಿಗಳೂ ಬಂದಿವೆ. ಆದರೆ ಮಳೆಗಾಲದ ನೀರನ್ನು ಹತ್ತಿಯಂತೆ ಹೀರಿಕೊಂಡು ಬೇಸಗೆಯವರೆಗೂ ತೊಟ್ಟು ತೊಟ್ಟಾಗಿ ಕೊಡುವುದು ಇಂಥ ಕರಿಯ ಮಣ್ಣಿನ ಗುಣ. ಇಂಗಾಲ ಹೋದಂತೆ ಮಣ್ಣಿನ ಆ ಗುಣವೂ ಹೋಗುತ್ತದೆ. ಕಪ್ಪು ಹೊಡೆದ ಕಣಿವೆಯ ನೀರು ಅಂದೇ ತೋಡಿಗೆ, ತೋಡಿನಿಂದ ತುಂಗೆಗೆ. "ಇನ್ನು ಇದನ್ನೂ ಬಸಿದು, ಆ ಮುನ್ನೂರು ಸಸಿಗೆ ಬೇಸಗೆಯಲ್ಲಿ ಎಲ್ಲಿಂದ ನೀರು ಹೊಯ್ಯುತ್ತೀಯ?" ಎಂದಳು ಅಮ್ಮ.

ಅಣ್ಣಯ್ಯ ಗುದ್ದಲಿ ತೆಗೆದುಕೊಂಡು ಒಬ್ಬನೇ ಹಡ್ಲಿನ ಕಡೆಗೆ ಇಳಿದುಹೋದ. ಮಧ್ಯಾಹ್ನದ ಊಟಕ್ಕೆ ಕರೆಯಲು ನಾನು ಹೋದಾಗ ಮೇಲಂಚಿನಲ್ಲಿ ಗೂಟ ನೆಟ್ಟು ಹಗ್ಗ ಹಿಡಿದು ಅಳೆಯುತ್ತಿದ್ದ. ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ. 2015ರ ದೊಡ್ಡ ಬೆಂಕಿಯಾದ ಮೇಲೆ ಇಂಡೊನೇಷ್ಯದವರು ಮರುವರ್ಷ ಪೀಟ್ ನೆಲದ ಪುನರುದ್ಧಾರಕ್ಕೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಕಾಲುವೆಗಳಿಗೆ ಅಲ್ಲಲ್ಲಿ ಒಡ್ಡು ಕಟ್ಟಿ ನೀರನ್ನು ಹಿಂದಕ್ಕೆ ತುಂಬಿಸುವುದು ಅದರ ಮುಖ್ಯ ಕೆಲಸವಾಗಿತ್ತು. ಪೀಟಿನ ತೋಟದಲ್ಲಿ ನೀರಿನ ಮಟ್ಟ ನೆಲದಿಂದ 40 ಸೆಂಟಿಮೀಟರಿಗಿಂತ ಕೆಳಗೆ ಹೋಗಬಾರದೆಂದು ನಿಯಮವನ್ನೂ ಮಾಡಿದರು. ಇದನ್ನು ಹೇಳಿದಾಗ ಅಣ್ಣಯ್ಯ, "ಒಂದು ಮೊಳವೂ ಆಗಲಿಲ್ಲವಲ್ಲೋ! ಅಡಿಕೆಯ ಬೇರು ಕೊಳೆಯುತ್ತದೆ" ಎಂದ. ಅದೂ ನಿಜವೇ. ಅಡಿಕೆಗೂ ಜೌಗಿಗೂ ಹೊಂದುವುದಿಲ್ಲ. ಎರಡನ್ನೂ ಒಂದೇ ನೆಲದಲ್ಲಿ ಉಳಿಸುವ ಉಪಾಯ ನನಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಿಲ್ಲ.

ಕೊನೆಗೆ ಹಗ್ಗ ನಿಂತದ್ದು ಹನ್ನೆರಡು ಗುಂಟೆಗೆ. ಅಜ್ಜನ ಕಾಲದಲ್ಲಿ ಭತ್ತ ಬೆಳೆಯುತ್ತಿದ್ದ ಮೇಲಂಚು, ಜೇಡಿ ಹೆಚ್ಚಾಗಿರುವ ಭಾಗ. ಅಲ್ಲಿ ನೂರಿಪ್ಪತ್ತು ಸಸಿ. ಅದರ ಕೆಳಗೆ ಒಂದು ಗಟ್ಟಿ ಏರಿ. ಎತ್ತು ಹೂಳುತ್ತಿದ್ದ ಹದಿನೆಂಟು ಗುಂಟೆ ಹಾಗೆಯೇ, ಮುಂಡುಗ, ಕೆಸವು, ಕರಿಮಣ್ಣುಗಳ ಸಹಿತ. "ಈ ವರ್ಷಕ್ಕೆ" ಎಂದು ಅಣ್ಣಯ್ಯ ಸೇರಿಸಿದ. ಅಡಿಕೆಯ ಧಾರಣೆ ಇನ್ನೂ ಏರಿದರೆ, ಮೇಲಿನ ತೋಟದಲ್ಲಿ ಉಳಿದರ್ಧವೂ ಹಳದಿಯಾದರೆ, ಮುಂದಿನ ವರ್ಷ ಅವನು ಏನು ಮಾಡುವನೆಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ಜಂಟಿ ಖಾತೆಯಲ್ಲಿ ಎಷ್ಟಿದೆಯೋ ಅಷ್ಟೇ.

ಸೋಮವಾರ ಹಿಟಾಚಿಯ ಬದಲು ಇಬ್ಬರು ಆಳುಗಳು ಬಂದರು. ಮೂರು ದಿನಗಳಲ್ಲಿ ಎರಡಡಿಯ ಕಪ್ಪು ಮುಗಿಯಿತೆಂದು ಅಣ್ಣನ ಮಗಳು ಚಿತ್ರ ಕಳುಹಿಸಿದ್ದಾಳೆ. ಏರಿಯ ಕೆಳಗೆ, ಯಾರಿಗೂ ಹೇಳದೆ, ಅವಳೊಂದು ಹಳೆಯ ನೀರಿನ ಕೊಳಾಯಿಯನ್ನು ತುದಿಯವರೆಗೂ ನೆಲಕ್ಕೆ ಹೊಡೆದಿದ್ದಾಳಂತೆ. ಮೇಲಂಚಿನ ತೋಟದಲ್ಲಿ ಮತ್ತೊಂದನ್ನು. ಹಿಟಾಚಿಯವನಿಗೆ ಕೊಟ್ಟ ಮುಂಗಡ ಎರಡು ಸಾವಿರ ರೂಪಾಯಿ ಹಿಂದಕ್ಕೆ ಬರಲಿಲ್ಲ. ಅದು ಹೋದದ್ದು ಚಿಕ್ಕಪ್ಪನ ಭಾಷಣದ ದೆಸೆಯಿಂದಾದ್ದರಿಂದ ಚಿಕ್ಕಪ್ಪನೇ ತುಂಬಿಕೊಡಬೇಕೆಂದು ಅತ್ತಿಗೆಯ ತೀರ್ಪಾಗಿದೆ. ಮೊನ್ನೆ ಕಳುಹಿಸಿದ್ದೇನೆ.